ಕಿನ್ನರಿಯ ಮೂರನೆಯ ಮೆಟ್ಟಿಲು

ಹೋದ ವಾರ ಬಳ್ಳಾರಿ ಬಸ್ ನಿಲ್ದಾಣದ ಹೊರಗೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅಲ್ಲೇ ಕೊಡೆಯ ಕೆಳಗೆ ಕೂತು ಚಪ್ಪಲಿ ಹೊಲಿಯುವ ಹೆಂಗಸು ದಾರ ತೆಗೆದು, ಬಿಸಿಲಿಗೆ ಮೆತ್ತಗಾಗಿದ್ದ ಕಪ್ಪು ಮೇಣದ ಉಂಡೆಯ ಮೇಲೆ ಅದನ್ನು ಎಳೆದಳು. ಜೇನುಮೇಣ, ಅದರೊಳಗೆ ಕಲಸಿದ ದೀಪದ ಮಸಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂಟಿ ಕಾಲಲ್ಲಿ ನಿಂತಿದ್ದ ನಾನು ಅವಳ ಕೊಡೆಯ ಕೋಲು ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿ, ಕೂಡ್ರವ್ವಾ, ಬಿಸಿಲು ಹತ್ತಿರಬೇಕು ಎಂದು ತನ್ನ ಗೋಣಿಚೀಲದ ಒಂದು ಅಂಚನ್ನು ನನಗೆ ಬಿಟ್ಟುಕೊಟ್ಟಳು. ನಾನು ಕೂತೆ. ಬಿಸಿಲು ಹತ್ತಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಹತ್ತಿತ್ತು, ಅದು ಈಗಲೂ ಇಳಿದಿಲ್ಲ.

ನಾನು ಪಿಟೀಲು ನುಡಿಸುವವಳು. ಪಾರ್ವತಿನಗರದ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಉಳಿದಂತೆ ನನ್ನದು ಪಕ್ಕದಲ್ಲಿ ಕೂರುವ ಕಸುಬು. ಹಾಡುವವರ ಪಕ್ಕ, ಕುಣಿಯುವವರ ಪಕ್ಕ, ಮಠದಲ್ಲಿ ದೇವರನಾಮ ಹೇಳುವ ಹೆಂಗಸರ ಪಕ್ಕ. ಮದುವೆಯ ಆರತಕ್ಷತೆಗಳಲ್ಲಂತೂ ಊಟದ ಹಾಲಿನ ಪಕ್ಕ. ಅಲ್ಲಿ ನಾನು ಏನು ನುಡಿಸಿದರೂ ಜನ ಪಲ್ಯದ ಕಡೆಗೇ ನೋಡುತ್ತಿರುತ್ತಾರೆ. ಯಾರು ಎಲ್ಲಿಗೆ ಹೋದರೂ ಹಿಂದೆ ಹಿಂದೆ ಹೋಗುವುದು ನನಗೆ ಚೆನ್ನಾಗಿ ರೂಢಿಯಾಗಿದೆ. ಪಿಟೀಲಿಗೆ ವೀಣೆಯಂತೆ ಸ್ವರದ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ಜಾರುತ್ತದೆ, ಆದ್ದರಿಂದ ಯಾರ ಸ್ವರಕ್ಕಾದರೂ ಹೊಂದಿಕೊಂಡುಬಿಡಬಹುದು. ಇದನ್ನು ನಾನು ಬಹಳ ಕಾಲ ಒಂದು ಗುಣ ಎಂದೇ ತಿಳಿದಿದ್ದೆ.

ಆ ವರ್ಷ ಯುಗಾದಿಗೆ ಮುಂಚೆ ನನ್ನ ಗೆಳತಿ ವಾರಿಜಾಳ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅವಳು ಬಳ್ಳಾರಿಯಲ್ಲಿ ನೃತ್ಯ ಕಲಿಸುತ್ತಾಳೆ. ಕುರುಗೋಡಿನ ಒಂದು ಹಳೆಯ ಗುಡಿಯ ಕಂಬದ ಮೇಲೆ ಇಬ್ಬರು ಹೆಂಗಸರನ್ನು ಕೆತ್ತಿದ್ದಾರೆ. ಒಬ್ಬಳು ಮಂಡಿ ಬಾಗಿಸಿ ಕುಣಿಯುತ್ತಿದ್ದಾಳೆ, ಇನ್ನೊಬ್ಬಳು ಸೋರೆಬುರುಡೆ ಕಟ್ಟಿದ ಕೋಲಿನಂಥ ತಂತಿವಾದ್ಯವನ್ನು ಎದೆಗೊತ್ತಿ ಹಿಡಿದಿದ್ದಾಳೆ. ಆ ಕುಣಿತವನ್ನು ಆ ವಾದ್ಯದ ಜೊತೆಗೇ ಅದೇ ಗುಡಿಯ ಅಂಗಳದಲ್ಲಿ ಮಾಡಿಸಬೇಕು ಎಂದು ವಾರಿಜಾಳ ಹಟ. ಕಲ್ಲು ಕುಣಿದದ್ದು ಹೇಗೆ ಅಂತ ಯಾರಿಗೆ ಗೊತ್ತು ಮಹಾರಾಯ್ತಿ ಎಂದು ನಾನು ನಕ್ಕೆ. ವಾದ್ಯದ ಹೆಸರು ಕಿನ್ನರಿ, ಅದನ್ನು ನುಡಿಸುವ ಜೋಗಿ ಮನೆತನದವನೊಬ್ಬ ಸಿರಿಗೇರಿಯಲ್ಲಿ ಇನ್ನೂ ಇದ್ದಾನಂತೆ, ನೀನು ಹೋಗಿ ನೋಡಿ ಬಾ ಎಂದು ಅವಳು ನನ್ನನ್ನೇ ಅಟ್ಟಿದಳು.

ಅವನು ಸಿಕ್ಕಿದ್ದು ಸಿರಿಗೇರಿಯಲ್ಲಲ್ಲ, ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ, ಅವನ ಮಿರ್ಚಿ ಬಂಡಿಯಲ್ಲಿ. ಹೆಸರು ಫಕೀರಪ್ಪ. ಅರವತ್ತರ ಆಸುಪಾಸು, ಮೀಸೆಗೆ ಕಡುಕಪ್ಪು ಬಣ್ಣ, ಮಾತಿಗೆ ಬರವಿಲ್ಲ. ಕಿನ್ನರಿಯ ವಿಷಯ ಎತ್ತಿದರೆ ಮೊದಲು ಒಗ್ಗರಣಿ ತಿನ್ರಿ, ಮಿರ್ಚಿ ತಿನ್ರಿ ಎಂದು ಮಂಡಕ್ಕಿಯ ತಟ್ಟೆ ಮುಂದಿಟ್ಟ. ಎಣ್ಣೆಯಲ್ಲಿ ಮೆಣಸಿನಕಾಯಿ ಬಿಡುತ್ತ, ತನ್ನಪ್ಪ ಕಿನ್ನರಿ ಹಿಡಿದು ಮನೆ ಮನೆಗೆ ಹೋಗಿ ಪಾಂಡವರ ಕಥೆ ಹಾಡುತ್ತಿದ್ದದ್ದು, ಕೂಸುಗಳು ಅಳು ನಿಲ್ಲಿಸುತ್ತಿದ್ದದ್ದು, ತಾನು ಅವನಿಗಿಂತ ಒಂದು ಕೈ ಮೇಲೆ ಎಂಬುದು, ಎಲ್ಲವನ್ನೂ ಹೇಳಿದ. ಸುತ್ತಲಿನ ಅಕ್ಕಿ ಗಿರಣಿಗಳಿಂದ ತೌಡಿನ ಧೂಳು ತೇಲಿ ಬಂದು ನನ್ನ ಚಹಾದ ಮೇಲೆ ಕೂರುತ್ತಿತ್ತು. ಇವನು ಬರೀ ಬಾಯಿ ಎಂದುಕೊಂಡೇ ನಾನು ಮುಂದಿನ ಭಾನುವಾರ ಸಿರಿಗೇರಿಯ ಬಸ್ಸು ಹತ್ತಿದೆ.

ಮನೆಯಲ್ಲಿ ಅವನ ಅಕ್ಕ ಹುಲಿಗೆಮ್ಮ ಇದ್ದಳು. ಗಂಡ ತೀರಿಹೋದ ಮೇಲೆ ತಮ್ಮನ ಮನೆ ಸೇರಿದ ತೆಳ್ಳನೆಯ ಮುದುಕಿ. ಫಕೀರಪ್ಪ ಒಳಗಿನಿಂದ ಕಿನ್ನರಿ ತಂದ. ಒಂದು ಬಿದಿರ ಕೋಲು, ಕೆಳಗೆ ಮೂರು ಬುರುಡೆ, ಮೇಲೆ ಎರಡು ತಂತಿ. ಕೋಲಿನ ಉದ್ದಕ್ಕೂ ಮೇಣದ ಕಪ್ಪು ಹಾಸು, ಅದರಲ್ಲಿ ನಾಟಿದ ಮೂಳೆಯ ಸಣ್ಣ ಸಣ್ಣ ಮೆಟ್ಟಿಲುಗಳು. ಅವನು ನುಡಿಸತೊಡಗಿದಾಗ ಮೂರನೆಯ ಮೆಟ್ಟಿಲ ಸ್ವರ ನನ್ನ ಕಿವಿಗೆ ಮುಳ್ಳಿನಂತೆ ಚುಚ್ಚಿತು. ನಮ್ಮ ಸಂಗೀತದ ಸಾಧಾರಣ, ಅಂತರ ಎಂಬ ಎರಡು ಗಾಂಧಾರಗಳಲ್ಲಿ ಅದು ಯಾವುದೂ ಅಲ್ಲ, ನಡುವೆ ಎಲ್ಲೋ ಇತ್ತು. ಅಪಸ್ವರ, ಸರಿಮಾಡಿಕೊಳ್ಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಎದ್ದಳು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಪಕ್ಕಕ್ಕೆ ಪಕ್ಕಕ್ಕೆ ಸರಿಯತೊಡಗಿದಳು. ಅಷ್ಟೇ. ಕಣ್ಣು ಕುಣಿಸಲಿಲ್ಲ, ನಗಲಿಲ್ಲ. ಆ ಮೂರನೆಯ ಸ್ವರ ಬಂದಾಗಲೆಲ್ಲ ಅವಳ ಪಾದ ನೆಲದಿಂದ ಒಂದಿಷ್ಟು ಮೇಲೆದ್ದು, ತಂತಿಯ ದನಿ ಇರುವಷ್ಟು ಹೊತ್ತು ಅಲ್ಲೇ ನಿಂತು, ಅದು ಸತ್ತ ಮೇಲೆ ಇಳಿಯುತ್ತಿತ್ತು. ನಾನು ನೂರಾರು ಅರಂಗೇತ್ರಂಗಳಿಗೆ ನುಡಿಸಿದ್ದೇನೆ. ಅಂಥದ್ದನ್ನು ನೋಡಿರಲಿಲ್ಲ. ಆ ಸ್ವರವನ್ನು ಅಪಸ್ವರ ಅಂದುಕೊಂಡ ನನ್ನ ಕಿವಿಯ ಬಗ್ಗೆ ಒಂದು ಗಳಿಗೆ ಸಿಟ್ಟು ಬಂತು.

ಮುಂದಿನ ಭಾನುವಾರಗಳಲ್ಲಿ ವಾರಿಜಾ ತನ್ನ ಹುಡುಗಿಯರನ್ನು ಕಾರಿನಲ್ಲಿ ತುಂಬಿಕೊಂಡು ಬರತೊಡಗಿದಳು. ತಾಳ ಹಾಕಿ ಲೆಕ್ಕ ಹಿಡಿದು ಕಲಿಯೋಣವೆಂದರೆ ಹುಲಿಗೆಮ್ಮನಿಗೆ ಲೆಕ್ಕ ಗೊತ್ತಿಲ್ಲ. ಕಿನ್ನರಿ ಇಲ್ಲದೆ ಒಂದು ಹೆಜ್ಜೆ ತೋರಿಸು ಎಂದರೆ ಬೆಪ್ಪಾಗಿ ನಿಂತುಬಿಡುತ್ತಿದ್ದಳು. ಮೂರನೇದು ನುಡಿದ್ರ ಕಾಲು ತಾನಽ ಏಳತಾವು, ನಾ ಎಬ್ಬಸಂಗಿಲ್ಲ ಎನ್ನುತ್ತಿದ್ದಳು. ಹುಡುಗಿಯರು ಅವಳ ಹಿಂದೆ ಸಾಲಾಗಿ ನಿಂತು, ಅವಳು ಸರಿದಂತೆ ಸರಿದು, ಮೊದಲ ಭಾಗವನ್ನು ಅಷ್ಟಿಷ್ಟು ಹಿಡಿದರು. ಕುಣಿತದ ಕೊನೆಯಲ್ಲಿ ಒಂದು ಸುತ್ತು ಇದೆಯಂತೆ. ಅದನ್ನು ಮಾತ್ರ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ ಮಳೆ ಬಿದ್ದ ಮೇಲೆಯೇ ಕುಣಿಯಬೇಕು, ಬೇಸಿಗೆಯಲ್ಲಿ ಕುಣಿದರೆ ಮಳೆ ಮುನಿಯುತ್ತದೆ ಎಂದು, ನಾವು ಎಷ್ಟು ಗೋಗರೆದರೂ ಅವಳು ತೋರಿಸಲಿಲ್ಲ. ಅದನ್ನು ಬಲ್ಲವರು ಅವಳೊಬ್ಬಳನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ಇರಲಿ ಬಿಡು, ಮಳೆ ಬಂದೇ ಬರುತ್ತದಲ್ಲ ಎಂದಳು ವಾರಿಜಾ. ಗುಡಿಯ ಕಾರ್ಯಕ್ರಮವನ್ನು ಮೇ ಕೊನೆಗೆ ಗೊತ್ತುಮಾಡಿ, ಸದ್ಯಕ್ಕೆ ಮೊದಲ ಭಾಗ ಸಾಕು ಎಂದಳು.

ನಾನು ಫಕೀರಪ್ಪನ ಪಕ್ಕ ಕೂತು ನುಡಿಸುತ್ತಿದ್ದೆ. ಅವನ ಬೆರಳು ಮೂರನೆಯ ಮೆಟ್ಟಿಲಿಗೆ ಬಂದಾಗ ನನ್ನ ಬೆರಳು ಜಾರಿ ಅದಕ್ಕೆ ಕೂಡಿಕೊಳ್ಳುತ್ತಿತ್ತು. ಆ ಮೆಟ್ಟಿಲುಗಳನ್ನು ಅವನು ಹೂಡಿದ್ದಲ್ಲ, ಅವನಪ್ಪ ಹೂಡಿದ್ದೂ ಅಲ್ಲ. ಒಂದು ಸಡಿಲಾದರೆ ಅದೊಂದನ್ನೇ ಎತ್ತಿ, ಮೇಣ ಕಾಸಿ, ಅಕ್ಕಪಕ್ಕದವುಗಳನ್ನು ಮೀಟಿ ನೋಡುತ್ತ ಮತ್ತೆ ಕೂಡಿಸುವುದು ಅವರ ಮನೆಯ ಪದ್ಧತಿ. ಎರಡನ್ನು ಒಟ್ಟಿಗೆ ಎತ್ತುವಂತಿಲ್ಲ. ತಪ್ಪಿದವನನ್ನು ಅಕ್ಕಪಕ್ಕದವರು ತಾನೇ ಸರಿಮಾಡುವುದು ಎಂದು ಫಕೀರಪ್ಪ ಮೀಸೆಯಲ್ಲಿ ನಗುತ್ತಿದ್ದ. ಹಾಗೆ ಯಾವ ಕಾಲದಿಂದಲೋ ಒಂದನ್ನೊಂದು ನೋಡಿಕೊಂಡು ಆ ಸ್ವರಗಳು ಅಲ್ಲಿ ಕೂತಿದ್ದವು. ಅವು ಯಾರ ತಲೆಯಲ್ಲೂ ಇರಲಿಲ್ಲ, ಮೇಣದಲ್ಲಿದ್ದವು.

ಮೇ ತಿಂಗಳ ಒಂದು ದಿನ ಗುಡಿಯ ಅಂಗಳ ನೋಡಿ ಬರಲು ಕುರುಗೋಡಿಗೆ ಹೋದೆವು. ವಾರಿಜಾ, ನಾನು, ಫಕೀರಪ್ಪ, ಹುಲಿಗೆಮ್ಮ. ಬೆಳಿಗ್ಗೆಯೇ ಗುಡ್ಡದ ಬಂಡೆಗಳು ಕಾದು ಗಾಳಿ ಕುಲುಮೆಯಂತಾಗಿತ್ತು. ಕಂಬದ ಎದುರು ಹುಲಿಗೆಮ್ಮನನ್ನು ನಿಲ್ಲಿಸಿದಾಗ ಅವಳು ಕುಣಿಯುವ ಕಲ್ಲಿನ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಇಕಿ ಹಿಮ್ಮಡಿ ನೆಲಕ್ಕ ಹತ್ತಿಲ್ಲ, ಬಿದ್ದಾಳು ಎಂದಳು. ಎಲ್ಲರೂ ನಕ್ಕೆವು. ಆ ಬೇಸಿಗೆಯಲ್ಲಿ ನಾವು ಕೂಡಿ ನಕ್ಕದ್ದು ಅದೇ ಕಡೆಯದು.

ಮಧ್ಯಾಹ್ನದ ಊಟ ವಾರಿಜಾಳ ಶಿಷ್ಯೆಯೊಬ್ಬಳ ಮನೆಯಲ್ಲಿ. ಬಾಗಿಲಿಗೆ ಬಂದ ಫಕೀರಪ್ಪ ಒಳಗೆ ಕೂಸಿನ ಅಳು ಕೇಳಿ ನಿಂತ. ಮನ್ಯಾಗ ಬಾಣಂತಿ ಅದಾಳೇನ್ರಿ ಎಂದು ಕೇಳಿದ. ಹೌದು, ಮಗಳು ಹೆತ್ತಿದ್ದಾಳೆ, ಇನ್ನೂ ಪುರುಡು ಕಳೆದಿಲ್ಲ ಎಂದರು ಮನೆಯಾಕೆ. ಪುರುಡಿನ ಮನೆಯ ಹೊಸ್ತಿಲನ್ನು ಕಿನ್ನರಿ ದಾಟುವಂತಿಲ್ಲ. ನೀನು ದಾಟಬಹುದೋ ಎಂದು ವಾರಿಜಾ ಕೆಣಕಿದರೆ, ಕಟ್ಟಲೆ ಇರೂದು ಕಿನ್ನರಿಗ್ರಿ, ಹೊಟ್ಟಿಗಲ್ಲ ಎಂದು ಅವನೇ ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿಗೆ ಒರಗಿಸಿ ಬಂದ. ಬೀದಿ ತುಂಬ ಮಂಗಗಳಿದ್ದವು. ಅವು ಕೈ ಹಾಕಿ ಎಳೆದಾವೆಂದು ವಾರಿಜಾ ಗಾಜುಗಳನ್ನು ಪೂರ್ತಿ ಏರಿಸಿದಳು. ಇಬ್ಬರೂ ಮಾಡಿದ್ದು ಕಿನ್ನರಿಯ ಮೇಲಿನ ಕಾಳಜಿಯಿಂದಲೇ. ಇವತ್ತಿಗೂ ನನಗೆ ಬೈಯಲು ಯಾರೂ ಸಿಕ್ಕಿಲ್ಲ, ಅದೇ ಸಂಕಟ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಮನೆಯವರ ಒತ್ತಾಯಕ್ಕೆ ಇನ್ನೊಂದು ರೊಟ್ಟಿ. ಈ ಬಿಸಿಲಿನಲ್ಲಿ ಎಲ್ಲಿಗೆ ಹೊರಟಿರಿ, ಒಂದಿಷ್ಟು ಅಡ್ಡಾಗಿ ಎಂದು ಚಾಪೆ ಹಾಸಿದರು. ನಾವು ಅಡ್ಡಾದೆವು.

ಹೊತ್ತು ಇಳಿದ ಮೇಲೆ ಕಾರಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಆ ವಾಸನೆ. ಫಕೀರಪ್ಪ ಕಂಬಳಿ ಬಿಚ್ಚಿದ. ಮೇಣವೆಲ್ಲ ಕರಗಿ ಕೋಲಿನ ಕೆಳತುದಿಗೆ ಇಳಿದು, ಬುರುಡೆಯ ಮೇಲೆ ಹರಿದು, ಕಂಬಳಿಗೆ ಮೆತ್ತಿತ್ತು. ಮೆಟ್ಟಿಲುಗಳು ಒಂದರ ಮೇಲೊಂದು ಜಾರಿ ತಳದಲ್ಲಿ ಗುಂಪಾಗಿದ್ದವು. ಬಿದಿರು ಬೋಳಾಗಿತ್ತು. ಒಂದು ಗೆರೆ, ಒಂದು ಗುರುತು ಅದರ ಮೇಲಿರಲಿಲ್ಲ. ಫಕೀರಪ್ಪ ಒಂದು ಮೂಳೆಚೂರನ್ನು ಕಿತ್ತು, ಅಂಗಿಗೆ ಒರೆಸಿ, ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತ. ಹುಲಿಗೆಮ್ಮ ಮಾತ್ರ, ಮೇಣ ತಾನ, ಹೊಸಾದು ಕಾಸಿದ್ರಾತು ಎಂದು ಎಲ್ಲರಿಗೂ ಸಮಾಧಾನ ಹೇಳಿದಳು. ನಾನೂ ಹಾಗೆಯೇ ಅಂದುಕೊಂಡೆ. ಇಷ್ಟು ವಾರ ಪಕ್ಕದಲ್ಲಿ ಕೂತು ಅದೇ ಸ್ವರ ನುಡಿಸಿದ ನನ್ನ ಕಿವಿ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ಹೊಸ ಮೇಣ ಕಾಸಿದೆವು. ಮೊದಲ ಮೆಟ್ಟಿಲು ಕೂಡಿಸಲು ಅಕ್ಕಪಕ್ಕ ಯಾವುದೂ ಇಲ್ಲ. ಅಂದಾಜಿನಲ್ಲಿ ಒಂದನ್ನು ಇಟ್ಟು, ಅದಕ್ಕೆ ಹೊಂದುವಂತೆ ಇನ್ನೊಂದು, ಅದಕ್ಕೆ ಮತ್ತೊಂದು. ಮೂರನೆಯದಕ್ಕೆ ಬರುವಷ್ಟರಲ್ಲಿ ಫಕೀರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಗ ತಿಳಿಯಿತು, ಇಷ್ಟು ದಿನ ನಾನು ಆ ಸ್ವರವನ್ನು ಹಿಡಿದಿರಲಿಲ್ಲ, ಅದು ನುಡಿದಾಗ ಅದರ ಹಿಂದೆ ಹೋಗಿದ್ದೆ ಅಷ್ಟೆ. ಅವನೂ ಅಷ್ಟೇ, ಮೆಟ್ಟಿಲ ಮೇಲೆ ಬೆರಳು ಒತ್ತಿದ್ದ. ವಾರಿಜಾಳ ಫೋನಿನಲ್ಲಿ ಧ್ವನಿಮುದ್ರಣಗಳಿದ್ದವು. ಕಿನ್ನರಿಯದು ಎದೆಗೊತ್ತಿಕೊಂಡವನಿಗೇ ಚೆನ್ನಾಗಿ ಕೇಳುವ ಸಣ್ಣ ದನಿ. ಎಲ್ಲದರಲ್ಲೂ ನನ್ನ ಪಿಟೀಲು, ಶ್ರುತಿಪೆಟ್ಟಿಗೆ, ಹುಡುಗಿಯರ ಗೆಜ್ಜೆ, ಅವುಗಳ ಅಡಿಯಲ್ಲಿ ಎಲ್ಲೋ ಟಿಣ್ ಎಂಬ ಸದ್ದು. ಅವುಗಳಲ್ಲಿನ ನನ್ನ ಪಿಟೀಲನ್ನೇ ಹಿಡಿದು ಹೊರಟರೆ ಆ ಸ್ವರ ಒಂದರಲ್ಲಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರಲಿಲ್ಲ, ಅದು ಜಾರುತ್ತಲೇ ಇತ್ತು. ಫೋಟೋಗಳನ್ನು ದೊಡ್ಡದು ಮಾಡಿ ಅಳತೆಪಟ್ಟಿ ಇಟ್ಟೆವು. ಒಂದರಲ್ಲಿ ಕೈ ಅಡ್ಡ, ಇನ್ನೊಂದರಲ್ಲಿ ಕೋಲು ಓರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೇರೆ ಸ್ವರವೇ ಆಗುವಾಗ ಅದರಿಂದ ಏನು ಬಂದೀತು?

ಕಾರ್ಯಕ್ರಮ ನಿಲ್ಲಲಿಲ್ಲ. ಶ್ರುತಿಪೆಟ್ಟಿಗೆಗೆ ಸರಿಯಾಗಿ, ನಮ್ಮ ಸಂಗೀತದ ಗಾಂಧಾರಕ್ಕೆ ಮೂರನೆಯ ಮೆಟ್ಟಿಲನ್ನು ಕೂಡಿಸಿ ಫಕೀರಪ್ಪ ನುಡಿಸಿದ. ರೇಷ್ಮೆ ರುಮಾಲು ಸುತ್ತಿಕೊಂಡಿದ್ದ, ಚೆನ್ನಾಗಿ ಕಾಣುತ್ತಿದ್ದ. ಹುಡುಗಿಯರು ಲಕ್ಷಣವಾಗಿ ಕುಣಿದರು. ಸಾವಿರ ವರ್ಷದ ನಾದ ಇಂದು ಮತ್ತೆ ಮೊಳಗಿತು ಎಂದು ಯಾರೋ ಮೈಕಿನಲ್ಲಿ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹುಲಿಗೆಮ್ಮ ಎದ್ದು ಹುಡುಗಿಯರ ಜೊತೆ ನಾಲ್ಕು ಹೆಜ್ಜೆ ಹಾಕಬೇಕೆಂದು ಮಾತಾಗಿತ್ತು. ಅವಳು ಮುಂದಿನ ಸಾಲಿನ ಕುರ್ಚಿಯಲ್ಲಿ ಹೊಸ ಸೀರೆಯುಟ್ಟು ಕೂತವಳು ಏಳಲೇ ಇಲ್ಲ. ವಾರಿಜಾ ಕೈ ಹಿಡಿದು ಎಬ್ಬಿಸಿದಾಗ, ನಾಚಿಕೆಯಿಂದ ನಕ್ಕು ಮತ್ತೆ ಕೂತಳು. ಇಳಿದು ಬಂದ ತಮ್ಮನಿಗೆ ಅವಳು ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಚೊಲೋ ನುಡಿಸಿದಿ ತಮ್ಮಾ. ಆದ್ರ ಆ ದನಿಯಾಗ ಅಪ್ಪ ಬರಲಿಲ್ಲ ನೋಡು."

ಜೂನಿನಲ್ಲಿ ಮಿರಗ ಕೂಡಿತು. ಕಾಲುವೆಗೆ ನೀರು ಬಿಡುವ ಮಾತು ಶುರುವಾಗಿ, ಸಿರಿಗೇರಿಯ ಗದ್ದೆಗಳಲ್ಲಿ ಸಸಿಮಡಿಗಳು ಹಸಿರಾಗುತ್ತಿದ್ದವು. ಬಸ್ಸಿನ ಕಿಟಕಿಯಿಂದ ಬರುವ ಗಾಳಿ ತಣ್ಣಗಿತ್ತು. ನನಗೆ ಅದು ಯಾವುದೂ ಬೇಕಿರಲಿಲ್ಲ. ಮಳೆ ಬಿದ್ದಿತ್ತು, ಇನ್ನು ಆ ಕೊನೆಯ ಸುತ್ತಿಗೆ ಅಡ್ಡಿಯಿರಲಿಲ್ಲ, ಇದ್ದ ಅಡ್ಡಿ ಆ ಕಳೆದ ಸ್ವರವೊಂದೇ. ಹುಲಿಗೆಮ್ಮ ಎಂಬತ್ತರ ಹತ್ತಿರ ಇದ್ದಳು. ವಾರಿಜಾ ಬರುವುದನ್ನು ಬಿಟ್ಟಿದ್ದಳು. ಅವಳಿಗೆ ಬೇರೆ ಊರುಗಳಿಂದ ಕರೆ ಬರತೊಡಗಿದ್ದವು, ಫಕೀರಪ್ಪನನ್ನೂ ಕರೆದೊಯ್ಯುತ್ತಿದ್ದಳು. ಹೋಗಬೇಡ ಎನ್ನಲು ನಾನು ಯಾರು? ಹೊಸ ಮೆಟ್ಟಿಲುಗಳ ಮೇಲೆ ಅವನ ಕೈ ಸಲೀಸಾಗಿ ಓಡುತ್ತಿತ್ತು. ಹಳೆಯದರ ಮಾತು ಎತ್ತಿದರೆ, ಇದೂ ಚೊಲೋ ಕೇಳತೈತಲ್ರಿ ಅಮ್ಮಾರ ಎನ್ನುತ್ತಿದ್ದ. ಹಾಗೆನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ನನ್ನನ್ನು ಮತ್ತೆ ಮತ್ತೆ ಬರಹೇಳಿದವಳು ಹುಲಿಗೆಮ್ಮನೇ. ಮೊದಲ ಸಲ ನಾನು ಬರಿಗೈಯಲ್ಲಿ ಹೋಗಿದ್ದೆ. ಅವಳು ಬಾಗಿಲಲ್ಲೇ ಕೇಳಿದಳು.

"ನಿನ್ನ ಪಿಟೀಲಿಗೆ ಮೆಟ್ಲಿಲ್ಲಲ್ಲವ್ವಾ. ಅಂದ್ರ ಎಲ್ಲಾ ದನಿನೂ ಅದರಾಗಽ ಇರಬೇಕು. ಅದೂ ಇದ್ದೀತು. ಹುಡುಕಿ ನೋಡು, ನಾ ಹೇಳ್ತೀನಿ."

ಹುಡುಕಿದೆ. ಆ ಮಳೆಗಾಲದ ಭಾನುವಾರಗಳೆಲ್ಲ ಅದರಲ್ಲೇ ಹೋದವು. ಅವಳು ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂರುವಳು. ನಾನು ಎರಡು ಗಾಂಧಾರಗಳ ನಡುವಿನ ಆ ಬೆರಳಗಲದ ಜಾಗದಲ್ಲಿ ಎಳ್ಳಷ್ಟು ಎಳ್ಳಷ್ಟೇ ಸರಿಯುವೆ. ಅವಳು ತಲೆಯಾಡಿಸುವಳು. ಇನ್ನೂ ಒಂಚೂರು ಕೆಳಗ. ಇಲ್ಲ, ಇದಲ್ಲ. ಒಮ್ಮೆ ಕಾಲ್ಬೆರಳು ಅಲುಗಿದಂತಾಗಿ ಬಿಲ್ಲು ನಿಲ್ಲಿಸಿ ಬಗ್ಗಿದೆ, ನೋಡಿದರೆ ನೊಣ ಕೂತಿತ್ತು. ದಿನಗಳೆದಂತೆ ನನಗೆ ಒಂದು ಭಯ ಹತ್ತಿತು. ಮೊದಲಾದರೆ ಇದಲ್ಲ ಎಂಬುದಾದರೂ ನನಗೆ ಗೊತ್ತಾಗುತ್ತಿತ್ತು. ಈಗ ನುಡಿಸಿದ್ದೆಲ್ಲ ಅದೇ ಇರಬಹುದು ಅನ್ನಿಸುತ್ತಿತ್ತು. ಮನೆಗೆ ಬಂದು ಮಕ್ಕಳಿಗೆ ಪಾಠ ಹೇಳುವಾಗ ನನ್ನ ಸ್ವಂತ ಗಾಂಧಾರವೂ ಅಲ್ಲಾಡತೊಡಗಿತು. ಬೆರಳಿಡುವ ಮುಂಚೆ ತಡವರಿಸುತ್ತಿದ್ದೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತದ್ದೂ ಉಂಟು, ಏನಾಯಿತೆಂದು ಮನೆಯವರು ಕೇಳಿದರೆ ಈರುಳ್ಳಿ ಎನ್ನುತ್ತಿದ್ದೆ. ಒಂದು ಸ್ವರ ಕಳೆದುಹೋಗಿದೆ ಎಂದರೆ ಯಾರು ಹುಡುಕಿಕೊಡುತ್ತಾರೆ?

ಗಣಪತಿ ಹಬ್ಬದ ಹಿಂದಿನ ಭಾನುವಾರ. ಆ ದಿನ ಫಕೀರಪ್ಪನೂ ಮನೆಯಲ್ಲಿದ್ದ. ನನಗೆ ಜ್ವರ ಬಂದಿತ್ತು. ಆದರೂ ಹಟ ಬಿಡದೆ ಬಿಲ್ಲು ಎಳೆಯುತ್ತಿದ್ದೆ. ನಡುವೆ ಒಮ್ಮೆ ನಿಲ್ಲಿಸಿ ಮುಖ ಒರೆಸಿಕೊಂಡೆ, ಬೆವರೋ ಕಣ್ಣೀರೋ ನನಗೇ ತಿಳಿಯಲಿಲ್ಲ. ಹುಲಿಗೆಮ್ಮ ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದಳು. ಮತ್ತೆ ಬಿಲ್ಲು ಎಳೆದದ್ದೇ, ಮೊದಲ ಸ್ವರಕ್ಕೇ ಕೈಯೆತ್ತಿ ತಡೆದಳು.

"ಇದಽ ನೋಡವ್ವಾ. ಸಿಕ್ತು. ಇನ್ನ ಸಾಕುಮಾಡು."

ಫಕೀರಪ್ಪ ಚಂಗನೆ ಎದ್ದ. ಬೆರಳು ಕೀಳಬ್ಯಾಡ್ರಿ ಎಂದು ನನಗೆ ಹೇಳಿ, ಮೇಣ ಕಾಸಿ, ನನ್ನ ತಂತಿಯ ದನಿ ಕೇಳಿ ಕೇಳಿ, ಮೂರನೆಯ ಮೆಟ್ಟಿಲನ್ನು ಎತ್ತಿ ಅಲ್ಲಿಗೆ ಕೂಡಿಸಿದ. ಹೊಸ ಮೆಟ್ಟಿಲು ಚೊಲೋ ಎನ್ನುತ್ತಿದ್ದವನ ಮುಖ ಆಗ ನೋಡಬೇಕಿತ್ತು, ಮದುವೆಮನೆಯ ಹುಡುಗನಂತಾಗಿತ್ತು. ಮೇಣ ಆರುವ ಮೊದಲೇ ನುಡಿಸತೊಡಗಿದ. ಹೊರಗೆ ಮೋಡ ಕವಿದು ಹನಿ ಬೀಳುತ್ತಿತ್ತು.

"ಏಳಕ್ಕಾ," ಅಂದ. "ಮಳಿನೂ ಐತಿ, ದನಿನೂ ಐತಿ. ಆ ಕಡೀ ಸುತ್ತು ಅಮ್ಮಾರಿಗೆ ತೋರಸು."

ಹುಲಿಗೆಮ್ಮ ಕೇಳಿದಳು, ಮೂರನೆಯದು ನುಡಿದಾಗ ಅವಳ ಚಾಚಿದ ಪಾದ ಅಲುಗಲಿಲ್ಲ. ಆಮೇಲೆ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ, ಮೊಣಕಾಲು ಹಿಡದಾವೋ ತಮ್ಮಾ, ಇವತ್ತು ಆಗಂಗಿಲ್ಲ, ಇನ್ನೊಂದಿನ ನೋಡೂಣು ಎಂದಳು. ಫಕೀರಪ್ಪ ಅದಕ್ಕೂ ತಲೆಯಾಡಿಸಿ ನುಡಿಸುತ್ತಲೇ ಇದ್ದ. ನಾನು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟೆ. ಬಸ್ಸಿನ ಹೊತ್ತಾಗಿತ್ತು. ಜ್ವರದವಳು ಒಬ್ಬಳೇ ಹೋಗಬೇಡ ಎಂದು ಹುಲಿಗೆಮ್ಮ ಗೋಡೆ ಹಿಡಿಯದೆ ಎದ್ದಳು, ನನ್ನ ಕೈಯಿಂದ ಪೆಟ್ಟಿಗೆಯನ್ನು ಕಿತ್ತು ತಲೆಯ ಮೇಲಿಟ್ಟುಕೊಂಡಳು, ಆ ಕೆಸರಿನಲ್ಲಿ ಬಸ್ ನಿಲ್ಲುವ ಜಾಗದ ತನಕ ನನಗಿಂತ ಮುಂದೆ ಮುಂದೆ ನಡೆದಳು.